ಹಸಿದವರಿಲ್ಲದ ಅಡುಗೆಮನೆ

ಕ್ರೈಸ್ತ ವಿಶ್ವಾಸವನ್ನು ದಿನನಿತ್ಯ ಬದುಕುವುದು ಹೇಗೆ ಎಂಬ ಮಾತು ಎದ್ದಲ್ಲೆಲ್ಲ ಬ್ರದರ್ ಲಾರೆನ್ಸನ ಹೆಸರು ಕೇಳಿಬರುತ್ತದೆ. ಧ್ಯಾನಕೂಟಗಳಲ್ಲಿ ಅವನ ಕಥೆ ಹೇಳುತ್ತಾರೆ, ಭಾನುವಾರದ ಪ್ರಸಂಗಗಳಲ್ಲಿ ಅವನನ್ನು ನೆನೆಯುತ್ತಾರೆ. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನ ಮಠವೊಂದರ ಅಡುಗೆಯವನಾಗಿ, ಪಾತ್ರೆಗಳ ನಡುವೆಯೇ ದೇವರ ಜೊತೆ ಇದ್ದವನು ಎಂದು. ಅವನ ಹೆಸರಿನಲ್ಲಿರುವ ‘ದೇವರ ಸಾನ್ನಿಧ್ಯದ ಅಭ್ಯಾಸ’ ಎಂಬ ಪುಟ್ಟ ಪುಸ್ತಕವನ್ನು ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಮೂರು ಶತಮಾನಗಳಿಂದ ಓದುತ್ತ ಬಂದಿದ್ದಾರೆ. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ತನ್ನ ‘ಕ್ರಿಶ್ಚಿಯನ್ ಲೈಬ್ರರಿ’ ಮಾಲೆಯಲ್ಲಿ ಅದಕ್ಕೆ ಜಾಗ ಕೊಟ್ಟ. ನನ್ನ ವಾದ ಇಷ್ಟೇ: ಇದು ಪ್ರಾರ್ಥನೆಯ ಬಗೆಗಿನ ಒಳ್ಳೆಯ ಪುಸ್ತಕ. ದಿನನಿತ್ಯದ ಬದುಕಿನ ಪುಸ್ತಕ ಎಂಬ ಕೀರ್ತಿ ಮಾತ್ರ ಅದಕ್ಕೆ ಸಲ್ಲುವುದಿಲ್ಲ.

ಎಲ್ಲರಿಗೂ ತಿಳಿದ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಲಾರೆನ್ಸನ ಮೊದಲ ಹೆಸರು ನಿಕೊಲಾ ಎರ್ಮಾನ್, ಲೊರೇನ್ ಸೀಮೆಯ ಹಳ್ಳಿಗ. ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿದ್ದು, ಗಾಯಗೊಂಡು ಮನೆಗೆ ಬಂದವನು. ಆಮೇಲೆ ದೊಡ್ಡವರ ಮನೆಯ ಊಳಿಗ ಮಾಡಿ, 1640ರಲ್ಲಿ ವೊಜಿರಾರ್ ಬೀದಿಯ ಬರಿಗಾಲ ಕಾರ್ಮೆಲ್ ಮಠ ಸೇರಿದ. ಪಾದ್ರಿಯಾಗದೆ ಕೈಕೆಲಸಕ್ಕೆಂದೇ ಉಳಿದ ಸಹೋದರ ಅವನು. ಹದಿನೈದು ವರ್ಷ ಅಡುಗೆಮನೆ, ಕಾಲು ಕೆಟ್ಟ ಮೇಲೆ ಚಪ್ಪಲಿ ಹೊಲಿಯುವ ಕೆಲಸ, 1691ರ ಫೆಬ್ರವರಿಯಲ್ಲಿ ಸಾವು. ಪುಸ್ತಕವನ್ನು ಅವನು ಬರೆಯಲಿಲ್ಲ. ಜೋಸೆಫ್ ದ ಬೋಫೋರ್ ಎಂಬ ಗುರುಗಳು 1666 ಮತ್ತು 1667ರಲ್ಲಿ ಅವನೊಡನೆ ಆಡಿದ ನಾಲ್ಕು ಸಂಭಾಷಣೆಗಳನ್ನು ಬರೆದಿಟ್ಟುಕೊಂಡಿದ್ದರು. ಅವಕ್ಕೆ ಹದಿನಾರು ಪತ್ರಗಳನ್ನೂ ಅವನವೇ ಆದ ಕೆಲವು ಸೂತ್ರಗಳನ್ನೂ ಕೂಡಿಸಿ, ಅವನು ತೀರಿಕೊಂಡ ಮೇಲೆ 1692 ಮತ್ತು 1694ರಲ್ಲಿ ಅಚ್ಚು ಹಾಕಿಸಿದರು.

ನನ್ನ ವಾದಕ್ಕೆ ಬೇಕಾದದ್ದು 1666ರ ಸೆಪ್ಟೆಂಬರಿನ ಎರಡನೆಯ ಸಂಭಾಷಣೆಯ ಒಂದು ಸಣ್ಣ ಭಾಗ. ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಲಾರೆನ್ಸನನ್ನು ಬರ್ಗಂಡಿಗೆ ಕಳಿಸಿದ್ದರು. ಅವನಿಗೆ ಈ ಕೆಲಸ ಒಗ್ಗುವಂಥದ್ದಲ್ಲ. ವ್ಯಾಪಾರ ತಿಳಿಯದು, ಕಾಲು ಕುಂಟು. ದೋಣಿಯ ಮೇಲೆ ಓಡಾಡಲಾಗದೆ ಪೀಪಾಯಿಗಳ ಮೇಲೆ ಮೈಯನ್ನು ಉರುಳಿಸಿಕೊಂಡು ಅತ್ತಿತ್ತ ಹೋಗಬೇಕಾಯಿತು. ಆದರೂ ಅವನು ಚಿಂತೆ ಮಾಡಲಿಲ್ಲ. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿದ, ಕೊನೆಗೆ ನೋಡಿದರೆ ಎಲ್ಲ ಚೆನ್ನಾಗಿಯೇ ಆಗಿತ್ತು. ಹಿಂದಿನ ವರ್ಷ ಓವೆರ್ನ್ ಸೀಮೆಗೆ ಹೋದಾಗಲೂ ಹೀಗೆಯೇ, ಹೇಗೆ ಆಯಿತೆಂದು ಅವನಿಗೇ ತಿಳಿಯದು. ಅಡುಗೆಮನೆಯ ಮಾತೂ ಇದರ ಬೆನ್ನಿಗೇ ಬರುತ್ತದೆ. ಸ್ವಭಾವತಃ ಅವನಿಗೆ ಆ ಕೆಲಸ ತೀರಾ ಬೇಡವಾಗಿತ್ತು, ದೇವರ ಪ್ರೀತಿಗೆಂದು ಮಾಡುತ್ತ ಹೋದಂತೆ ಸಲೀಸಾಯಿತು.

ಇಡೀ ಪುಸ್ತಕದಲ್ಲಿ ಒಂದು ದೇಹ ಕಣ್ಣಿಗೆ ಕಟ್ಟುವ ಹಾಗೆ ಬರುವುದು ಇಲ್ಲಿ ಮಾತ್ರ. ಪೀಪಾಯಿಗಳ ಮೇಲೆ ಉರುಳುವ ಐವತ್ತು ದಾಟಿದ ಕುಂಟನನ್ನು ಓದುಗ ಮರೆಯಲಾರ. ಬೋಫೋರರ ಬರವಣಿಗೆಯ ಕ್ರಮ ನೋಡಿ. ಲಾರೆನ್ಸ್ ನೇರವಾಗಿ ಮಾತಾಡುವುದಿಲ್ಲ. ಅವನು ಹೀಗೆಂದ, ಹೀಗೂ ಎಂದ ಎಂದು ವಾಕ್ಯದ ಮೇಲೆ ವಾಕ್ಯ ವರದಿಯಾಗುತ್ತದೆ. ಈ ವರದಿಯ ಭಾಷೆ ಸೂಕ್ತಿಗಳಿಗೆ ಚೆನ್ನಾಗಿ ಒಗ್ಗುತ್ತದೆ, ಘಟನೆಗಳಿಗೆ ಒಗ್ಗುವುದಿಲ್ಲ. ಸೂಕ್ತಿಯಾಗಲಾರದ ಸಂಗತಿಯೆಲ್ಲ ಸೋಸಿಹೋಗುತ್ತದೆ. ಕುಂಟುಕಾಲು ಉಳಿದದ್ದು ಅದು ಲಾರೆನ್ಸನ ವಿನಯಕ್ಕೆ ಸಾಕ್ಷಿ ಎಂಬ ಕಾರಣಕ್ಕೆ. ಉಳಿದದ್ದು ಹೋಯಿತು.

ಹೋದದ್ದು ಏನು? ಆ ದೋಣಿಯಲ್ಲಿ ಹುಟ್ಟು ಹಾಕುವವರು ಇದ್ದಿರಲೇಬೇಕು. ಪೀಪಾಯಿ ಹೊತ್ತು ತಂದವರು, ದರ ಹೇಳಿದ ವ್ಯಾಪಾರಿ, ತೋಟದಲ್ಲಿ ದ್ರಾಕ್ಷಿ ಕೊಯ್ದವರು, ಕುಂಟನಿಗೆ ಕೈಕೊಟ್ಟು ದಡಕ್ಕಿಳಿಸಿದವರು ಯಾರೋ ಇದ್ದಿರಬೇಕು. ಅವರಲ್ಲಿ ಒಬ್ಬರೂ ಪುಟದ ಮೇಲಿಲ್ಲ. ವ್ಯಾಪಾರ ತಿಳಿಯದವನ ಖರೀದಿ ಚೆನ್ನಾಗಿ ಆಯಿತು ಎಂದರೆ ಅದನ್ನು ಯಾರೋ ಚೆನ್ನಾಗಿ ಮಾಡಿಕೊಟ್ಟರು ಎಂದರ್ಥ. ಸಾಮಾನ್ಯವಾಗಿ ದೇವರು ನಮ್ಮ ಕೆಲಸ ಮಾಡಿಕೊಡುವುದು ಪಕ್ಕದವರ ಕೈಯಿಂದ. ಆ ಕೈಗಳನ್ನು ಕಾಣದ ಸಾನ್ನಿಧ್ಯ ಎಂಥದ್ದು? ಲಾರೆನ್ಸ್ ಕೃತಘ್ನನಾಗಿದ್ದ ಎಂದು ನಾನು ಹೇಳುತ್ತಿಲ್ಲ. ಬಡವರ ಕಷ್ಟ ಉಂಡು ಬೆಳೆದವನು ಅವನು, ದೋಣಿಯವರ ಹೆಸರುಗಳು ಅವನಿಗೆ ಗೊತ್ತಿದ್ದಿರಬಹುದು. ಆದರೆ ಮೂರು ಶತಮಾನ ನಾವು ಓದಿ ಅನುಸರಿಸಲು ಹೊರಟಿರುವುದು ಪುಸ್ತಕದ ಲಾರೆನ್ಸನನ್ನು, ಮತ್ತು ಈ ಪುಸ್ತಕದ ಜಗತ್ತಿನಲ್ಲಿ ಇಬ್ಬರೇ ಇದ್ದಾರೆ: ಅವನು, ದೇವರು.

ಇದಕ್ಕೆ ಉತ್ತರವಾಗಿ ಎಲ್ಲರೂ ತೋರಿಸುವ ಪ್ರಸಿದ್ಧ ಮಾತೊಂದಿದೆ. ಅಡುಗೆಮನೆಯ ಗದ್ದಲದಲ್ಲಿ, ಹಲವರು ಒಟ್ಟೊಟ್ಟಿಗೆ ಬೇರೆಬೇರೆ ವಸ್ತು ಕೇಳುತ್ತಿರುವಾಗಲೂ, ಪರಮಪ್ರಸಾದದ ಮುಂದೆ ಮೊಣಕಾಲೂರಿದಾಗ ಇರುವಷ್ಟೇ ಶಾಂತಿಯಿಂದ ತಾನು ದೇವರೊಡನೆ ಇರುತ್ತೇನೆ ಎಂಬ ಅರ್ಥದ ಮಾತು. ಅದನ್ನು ಇನ್ನೊಮ್ಮೆ ಓದಬೇಕು. ಇಲ್ಲಿ ಕೊನೆಗೂ ಮನುಷ್ಯರು ಬಂದಿದ್ದಾರೆ, ಸದ್ದಾಗಿ. ಕೇಳುತ್ತಿರುವವರು ಯಾರು, ಏಕೆ ಕೇಳುತ್ತಿದ್ದಾರೆ? ಹಸಿವಾಗಿದೆ, ಕೇಳುತ್ತಿದ್ದಾರೆ. ಬರಿಗಾಲ ಕಾರ್ಮೆಲ್ ಸಭೆಯ ವರ್ಷದಲ್ಲಿ ಉಪವಾಸದ ತಿಂಗಳುಗಳು ದೀರ್ಘ, ಊಟಕ್ಕೆ ಕಾಯ್ದವರ ಕೂಗು ಅಡುಗೆಯವನಿಗೆ ಏನೆಂದು ಗೊತ್ತಿರಬೇಕು. ಈ ಮಾತಿನಲ್ಲಿ ಆ ಕೂಗು ಶಾಂತಿಯನ್ನು ಕೆಡಿಸಬಹುದಾಗಿದ್ದ, ಆದರೆ ಕೆಡಿಸದೆ ಹೋದ ಒಂದು ಗದ್ದಲ ಮಾತ್ರ.

ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟರೆ ನನ್ನ ತಕರಾರು ಸ್ಪಷ್ಟವಾಗುತ್ತದೆ. ಅಲ್ಲಿ ಕೊನೆಯ ತೀರ್ಪಿನ ದಿನ ನೀತಿವಂತರು ಬೆರಗಾಗುತ್ತಾರೆ. ಹಸಿದ ಕ್ರಿಸ್ತನಿಗೆ ತಾವು ಯಾವಾಗ ಊಟ ಕೊಟ್ಟೆವು ಎಂದು ಅವರೇ ಕೇಳುತ್ತಾರೆ. ಅಂದರೆ ಕೊಡುವಾಗ ಅವರಿಗೆ ಸಾನ್ನಿಧ್ಯದ ಅರಿವು ಇರಲಿಲ್ಲ. ಎದುರಿಗೆ ಹಸಿದವನಿದ್ದ, ಬಡಿಸಿದರು. ಅವರ ಲಕ್ಷ್ಯ ಆ ಮನುಷ್ಯನ ಮೇಲಿತ್ತು, ತಮ್ಮ ಮನಸ್ಸಿನ ಸ್ಥಿತಿಯ ಮೇಲೆ ಇರಲಿಲ್ಲ. ಬೋಫೋರರ ಪುಸ್ತಕದಲ್ಲಿ ಇದು ತಿರುವುಮುರುವಾಗಿದೆ. ಅರಿವು ಪೂರ್ಣವಾಗಿದೆ, ಹಸಿದವನು ಮಸುಕಾಗಿದ್ದಾನೆ. ಸುವಾರ್ತೆ ದಿನನಿತ್ಯದ ವಿಶ್ವಾಸವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತದೋ ಅದನ್ನು ಈ ಪುಸ್ತಕ ಕೈಗೇ ಎತ್ತಿಕೊಳ್ಳುವುದಿಲ್ಲ.

ಅಡುಗೆಮನೆಯಲ್ಲಿ ದೇವರು ಎಂಬುದು ಹೊಸ ಮಾತು ಎನ್ನುವವರಿಗೆ ಒಂದು ನೆನಪು: ಅದೇ ಸಭೆಯನ್ನು ಕಟ್ಟಿದ ಆವಿಲದ ತೆರೇಸಾ ಲಾರೆನ್ಸ್ ಹುಟ್ಟುವ ಮೊದಲೇ ‘ಸ್ಥಾಪನೆಗಳು’ ಎಂಬ ತಮ್ಮ ಗ್ರಂಥದಲ್ಲಿ ಸಹೋದರಿಯರಿಗೆ ಅದನ್ನು ಹೇಳಿದ್ದರು, ವಿಧೇಯತೆಯನ್ನೂ ನೆರೆಯವರ ಪ್ರೀತಿಯನ್ನೂ ಕುರಿತು ಬರೆಯುತ್ತ. ಬೋಫೋರರ ಪುಸ್ತಕದಲ್ಲಿ ಮಸುಕಾದ ನೆರೆಯವರು ಅಲ್ಲಿ ಮರೆಯಾಗಿರಲಿಲ್ಲ.

ಈಗ ನನ್ನನ್ನು ಹೆಚ್ಚು ಕಾಡುವ ಪತ್ರಕ್ಕೆ ಬರುತ್ತೇನೆ. 1688ರ ಅಕ್ಟೋಬರಿನಲ್ಲಿ ಲಾರೆನ್ಸ್ ಒಬ್ಬ ಹೆಂಗಸಿಗೆ ಅವರ ಪರಿಚಯದ ತರುಣ ಸೈನಿಕನ ಬಗ್ಗೆ ಬರೆಯುತ್ತಾನೆ. ಆ ತರುಣ ಆಗಾಗ ದೇವರನ್ನು ನೆನೆಯಲಿ, ದಂಡಿನ ನಡಿಗೆಯಲ್ಲಿ ಕತ್ತಿ ಹಿಡಿದಿರುವಾಗಲೂ ಒಂದು ಕ್ಷಣ ಮನಸ್ಸೆತ್ತಿದರೆ ಸಾಕು, ಅದರಿಂದ ಧೈರ್ಯ ಕುಗ್ಗುವುದಿಲ್ಲ, ಹೆಚ್ಚುತ್ತದೆ ಎಂಬುದು ಸಲಹೆಯ ಸಾರ. ಫ್ರಾನ್ಸಿನ ಲೂಯಿ ದೊರೆಯ ಸೈನ್ಯ ಆ ತಿಂಗಳು ರೈನ್ ನದಿಯ ಫಿಲಿಪ್ಸ್‌ಬರ್ಗಿಗೆ ಮುತ್ತಿಗೆ ಹಾಕಿತ್ತು, ಮರುವರ್ಷ ಪ್ಯಾಲಟಿನೇಟ್ ಸೀಮೆಯ ಊರುಗಳು ಸುಟ್ಟುಹೋದವು. ಆ ಪತ್ರ ಬರೆದವನೋ ಯುದ್ಧವನ್ನು ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಸಿಪಾಯಿಯಾಗಿದ್ದಾಗ ಜರ್ಮನ್ ಪಡೆಯವರು ಅವನನ್ನು ಗೂಢಚಾರನೆಂದು ಹಿಡಿದು ನೇಣಿನ ಬೆದರಿಕೆ ಹಾಕಿದ್ದರು, ರಾಂಬೆರ್ವಿಲಿಯೆಯಲ್ಲಿ ಸ್ವೀಡನ್ನಿನ ಸೈನಿಕರಿಂದ ಗಾಯಗೊಂಡಿದ್ದ. ಅವನದೇ ಲೊರೇನ್ ಸೀಮೆಯ ಝಾಕ್ ಕಾಲೊ ಎಂಬ ಕಲಾವಿದ, ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲೇ, 1633ರಲ್ಲಿ, ಸುಲಿಗೆಯನ್ನೂ ಮರದ ತುಂಬ ತೂಗುವ ಹೆಣಗಳನ್ನೂ ಕೆತ್ತಿ ಯುದ್ಧದ ದುರವಸ್ಥೆಯನ್ನು ಜಗತ್ತಿಗೆ ತೋರಿಸಿದ್ದ. ಲಾರೆನ್ಸನ ಪತ್ರದಲ್ಲಿ ಅದರ ನೆರಳೂ ಇಲ್ಲ. ಕತ್ತಿ ಯಾರ ಮೇಲೆ ಎತ್ತಿದ್ದು ಎಂಬ ಪ್ರಶ್ನೆಯನ್ನು ಈ ಅಭ್ಯಾಸ ಕೇಳುವುದೇ ಇಲ್ಲ. ಸೌಟಾದರೂ ಸರಿ ಕತ್ತಿಯಾದರೂ ಸರಿ, ಹಿಡಿದವನು ದೇವರನ್ನು ನೆನೆದರಾಯಿತು. ಕೆಲಸ ಯಾವುದಾದರೂ ನಡೆಯುತ್ತದೆ ಎನ್ನುವ ಸಾಧನೆಗೆ ಕೆಲಸದ ನ್ಯಾಯ ಅನ್ಯಾಯ ಕಾಣಿಸುವುದು ಹೇಗೆ?

ಇಲ್ಲೇ ನಮ್ಮ ಕನ್ನಡದ ವ್ಯಾಖ್ಯಾನಕಾರರೊಡನೆ ನನಗೆ ಜಗಳವಿದೆ. ಲಾರೆನ್ಸನನ್ನು ಕನ್ನಡಿಗರಿಗೆ ಪರಿಚಯಿಸುವಾಗಲೆಲ್ಲ ಅವನನ್ನು ಕಾಯಕ ತತ್ತ್ವದ ಪಕ್ಕದಲ್ಲಿ ಕೂರಿಸುವ ಚಾಳಿ ಬೆಳೆದಿದೆ. ಶರಣರೂ ದುಡಿಮೆಯಲ್ಲಿ ದೇವರನ್ನು ಕಂಡರು, ಇವನೂ ಕಂಡ, ಎರಡೂ ಒಂದೇ ಎನ್ನುತ್ತಾರೆ. ಸೌಹಾರ್ದದ ಆಸೆಯಿಂದ ಹುಟ್ಟಿದ ಮಾತು ಎಂದು ಗೌರವಿಸುತ್ತೇನೆ, ಒಪ್ಪಲಾರೆ. ಇದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ. ಆಯ್ದಕ್ಕಿ ಮಾರಯ್ಯನ ವಚನ ಕಾಯಕದಲ್ಲಿ ತೊಡಗಿದವನು ಗುರು ಲಿಂಗ ಜಂಗಮಗಳ ಹಂಗನ್ನೂ ಹರಿದುಕೊಳ್ಳಬೇಕು ಎನ್ನುವಷ್ಟು ದೂರ ಹೋಗುತ್ತದೆ. ನುಲಿಯ ಚಂದಯ್ಯನ ಕಥೆಯಲ್ಲಿ ಹುಲ್ಲು ಕೊಯ್ಯುವಾಗ ಕಳಚಿಬಿದ್ದ ಲಿಂಗವನ್ನು ಅವನು ಎತ್ತಿಕೊಳ್ಳುವುದಿಲ್ಲ, ಹೊರೆ ಹೊತ್ತು ನಡೆಯುತ್ತಾನೆ, ಲಿಂಗವೇ ಅವನ ಹಿಂದೆ ಬರುತ್ತದೆ. ಚಂದಯ್ಯನ ಕೈಯಲ್ಲಿ ಕೆಲಸವೇ ಮುಖ್ಯ, ದೇವರು ಕಾಯಬೇಕು. ಲಾರೆನ್ಸನಲ್ಲಿ ದೇವರು ಮುಖ್ಯ, ಕೆಲಸ ಯಾವುದಾದರೂ ಆದೀತು. ಅಡುಗೆಮನೆ ಬಿಟ್ಟು ಬಂದಷ್ಟೇ ಸುಲಭವಾಗಿ ಈಗಿನ ಕೆಲಸವನ್ನೂ ಬಿಡಲು ಸಿದ್ಧ ಎಂದು ಅವನೇ ಹೇಳುತ್ತಾನೆ. ಇವೆರಡು ಎದುರುಬದುರು ದಿಕ್ಕುಗಳು.

ಇನ್ನೊಂದು ಮಾತನ್ನು ಈ ವ್ಯಾಖ್ಯಾನಕಾರರು ಮರೆಯುತ್ತಾರೆ. ಕಾಯಕಕ್ಕೆ ದಾಸೋಹ ಅಂಟಿಕೊಂಡೇ ಇದೆ. ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬಾ ಎನ್ನುತ್ತಾಳೆ. ಒಂದು ಹಿಡಿ ಹೆಚ್ಚಿನ ಅಕ್ಕಿ ಯಾರದು ಎಂಬ ಪ್ರಶ್ನೆ ಅವಳದು. ದಿನನಿತ್ಯದ ಬದುಕನ್ನು ಮುಟ್ಟುವ ಭಕ್ತಿ ಎಂದರೆ ಹೀಗೆ ಅಕ್ಕಿಯ ಲೆಕ್ಕಕ್ಕೆ ಇಳಿಯುವುದು. ಬರ್ಗಂಡಿಯ ಪೀಪಾಯಿಗಳ ಬಗ್ಗೆ ಲಾರೆನ್ಸನನ್ನು ಯಾರಾದರೂ ಇದನ್ನು ಕೇಳಿದ್ದರೆ ಅವನು ಉತ್ತರಿಸುತ್ತಿದ್ದ ಎಂದು ನಂಬುತ್ತೇನೆ. ಬೋಫೋರ್ ಕೇಳಲಿಲ್ಲ, ಆಮೇಲಿನ ಓದುಗರೂ ಕೇಳಲಿಲ್ಲ.

ಕೇಳದೆ ಉಳಿದದ್ದರಿಂದ ಕೆಡುಕಾಗಿದೆ. ನಮ್ಮ ಸಭೆಗಳಲ್ಲಿ ಲಾರೆನ್ಸನ ಉದಾಹರಣೆಯನ್ನು ಹೇಳುವುದು ಯಾರಿಗೆ? ಪಾತ್ರೆ ತೊಳೆಯುವ ತಾಯಂದಿರಿಗೆ. ತಟ್ಟೆಯಲ್ಲಿ ಕೈತೊಳೆದು ಎದ್ದುಹೋಗುವ ಗಂಡಸರಿಗೆ ಆ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ. ದಣಿದವಳಿಗೆ ದಣಿವಿನಲ್ಲೇ ದೇವರನ್ನು ಕಾಣು ಎನ್ನುವುದು ಸುಲಭ, ಪಕ್ಕದಲ್ಲಿ ನಿಂತು ಎರಡು ಪಾತ್ರೆ ತೊಳೆಯುವುದು ಸುವಾರ್ತೆಗೆ ಹತ್ತಿರ. ಲೂಕನ ಸುವಾರ್ತೆಯಲ್ಲಿ ತಂಗಿ ಮರಿಯಳು ಯೇಸುವಿನ ಮಾತು ಕೇಳುತ್ತ ಕುಳಿತಾಗ ಒಬ್ಬಳೇ ಊಳಿಗ ಮಾಡಿದ ಮಾರ್ಥಳನ್ನು ಗದರಿಸುವುದರಲ್ಲೇ ತಲೆಮಾರುಗಳು ಕಳೆದವು. ಹದಿನಾಲ್ಕನೆಯ ಶತಮಾನದ ಮೈಸ್ಟರ್ ಎಕಾರ್ಟ್ ತನ್ನ ಪ್ರಸಂಗವೊಂದರಲ್ಲಿ ಅಕ್ಕತಂಗಿಯರಲ್ಲಿ ಪಕ್ವಳಾದವಳು ಮಾರ್ಥಳೇ ಎಂದು ಧೈರ್ಯವಾಗಿ ಹೇಳಿದ್ದ. ಆ ಓದು ಧ್ಯಾನಕೂಟಗಳ ಬಾಗಿಲಿಗೆ ಬರಲೇ ಇಲ್ಲ.

ಇಷ್ಟು ಹೇಳಿಯೂ ಲಾರೆನ್ಸನನ್ನು ಬದಿಗಿಡಲು ನನ್ನಿಂದಾಗದು, ಕಾರಣ ಅವನ ಪತ್ರಗಳು. ಸಂಭಾಷಣೆಗಳ ನಯ ಅಲ್ಲಿಲ್ಲ. ಮಠ ಸೇರಿದ ಮೇಲೆ ಸುಮಾರು ಹತ್ತು ವರ್ಷ ತಾನು ನರಳಿದ್ದನ್ನು, ತನಗೆ ರಕ್ಷಣೆಯಿಲ್ಲವೇನೋ ಎಂಬ ಭಯವನ್ನು ಅವನು ಮುಚ್ಚಿಡುವುದಿಲ್ಲ. ಕೊನೆಯ ವರ್ಷಗಳಲ್ಲಿ ಕಾಯಿಲೆಯ ಒಬ್ಬರಿಗೆ ಬರೆಯುತ್ತ, ನಿಮ್ಮ ನೋವು ಹೋಗಲಿ ಎಂದು ಬೇಡುವುದಿಲ್ಲ, ತಾಳುವ ಶಕ್ತಿ ಸಿಗಲಿ ಎಂದು ಬೇಡುತ್ತೇನೆ ಎಂಬ ಅರ್ಥದಲ್ಲಿ ಹೇಳುತ್ತಾನೆ. ಕಾಲಿನ ಹುಣ್ಣಿನೊಡನೆ ವರ್ಷಗಟ್ಟಲೆ ಬದುಕಿದವನು ಆಡಿದ್ದರಿಂದ ಅದಕ್ಕೆ ತೂಕವಿದೆ. ಅಲ್ಲಿ ಎದುರಿಗೊಬ್ಬ ಮನುಷ್ಯನಿದ್ದಾನೆ, ಆ ಮನುಷ್ಯನ ನೋವಿಗೆ ಇವನ ಗಮನ ಹರಿಯುತ್ತಿದೆ. ಸಾಯುವ ಕೆಲವೇ ದಿನಗಳ ಮೊದಲು ಕೂಡ ಅವನು ಪತ್ರ ಬರೆಯುತ್ತಲೇ ಇದ್ದ.

ಕನ್ನಡದಲ್ಲಿ ಈ ಪುಸ್ತಕವನ್ನು ಇನ್ನು ಮುಂದೆ ಅಚ್ಚು ಹಾಕಿಸುವವರು ಪತ್ರಗಳನ್ನು ಮೊದಲಿಗೆ ಇಡಬೇಕು, ಸಂಭಾಷಣೆಗಳನ್ನು ಅನುಬಂಧಕ್ಕೆ ತಳ್ಳಬೇಕು. ಸೈನಿಕನ ಕುರಿತ ಪತ್ರವನ್ನು ಮುಜುಗರದಿಂದ ಕೈಬಿಡಬಾರದು. ಅದನ್ನು ಪೂರ್ತಿಯಾಗಿ ಕೊಟ್ಟು, ಎದುರು ಪುಟದಲ್ಲಿ ಕಾಲೊನ ಒಂದು ಚಿತ್ರವನ್ನು ಹಾಕಬೇಕು.