ಪಾಂಟಿಂಗ್‌ರ ಹಿಮಗುಹೆ: ಚೌಕಟ್ಟಿನ ಕೀರ್ತಿ, ಗೋಡೆಯ ಸಾಧನೆ

1911ರ ಜನವರಿ 5ರಂದು ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್ ಅಂಟಾರ್ಕ್ಟಿಕಾದ ಕೇಪ್ ಇವಾನ್ಸ್ ಬಳಿ ತೇಲುವ ಹಿಮಬಂಡೆಯೊಂದರ ಗುಹೆಯೊಳಗಿಂದ ಹೊರಮುಖವಾಗಿ ತೆಗೆದ ಚಿತ್ರ, ಅನ್ವೇಷಕ ಸ್ಕಾಟ್‌ರ ಕೊನೆಯ ದಕ್ಷಿಣಧ್ರುವ ಯಾತ್ರೆಯ ಗುರುತಾಗಿಯೇ ಉಳಿದಿದೆ. ಗುಹೆಯ ಬಾಯಲ್ಲಿ ಭೂವಿಜ್ಞಾನಿ ಗ್ರಿಫಿತ್ ಟೇಲರ್ ಮತ್ತು ಭೌತವಿಜ್ಞಾನಿ ಚಾರ್ಲ್ಸ್ ರೈಟ್. ದೂರದಲ್ಲಿ ಯಾತ್ರೆಯ ಹಡಗು ಟೆರ್ರಾ ನೋವಾ. ಹೊಗಳಿಕೆಯೆಲ್ಲ ಈ ಜೋಡಣೆಗೇ ಸಂದಿದೆ. ಆದರೆ ಕಮಾನಿನ ನಡುವೆ ದೂರದ ವಸ್ತುವನ್ನು ಕೂರಿಸುವುದು ಪ್ರವಾಸಿ ಛಾಯಾಗ್ರಾಹಕರ ಹಳೆಯ ವರಸೆ, ಜಪಾನಿನಲ್ಲಿ ಪಳಗಿದ ಪಾಂಟಿಂಗ್‌ರಿಗೆ ಅದು ಕಷ್ಟವೇನಲ್ಲ. ಹಡಗನ್ನು ಬೆರಳಿನಿಂದ ಮುಚ್ಚಿದರೂ ಚಿತ್ರ ನಿಲ್ಲುತ್ತದೆ. ಗೋಡೆಗಳನ್ನು ಮುಚ್ಚಿದರೆ ಉಳಿಯುವುದು ಬರೀ ಅಂಚೆಕಾರ್ಡು.

ಚಿತ್ರದ ನಿಜವಾದ ಕೆಲಸ ನಡೆದಿರುವುದು ಆ ಗೋಡೆಗಳಲ್ಲಿ. ಗುಹೆಯ ಬಾಯಿಂದಾಚೆ ಬೇಸಿಗೆಯ ಬಿಸಿಲು, ಅದನ್ನು ಇಮ್ಮಡಿಸುವ ಹಿಮದ ಹಾಸು. ಒಳಗೆ ಬರುವುದು ಅಲ್ಲಿಂದ ಚೆದುರಿದ ಬೆಳಕು ಮತ್ತು ಗೋಡೆಯ ಮೂಲಕ ಸೋಸಿ ಬಂದದ್ದು. ಹೊರಗಿನದಕ್ಕೆ ಎಕ್ಸ್‌ಪೋಶರ್ ಹೊಂದಿಸಿದರೆ ಗುಹೆ ಕಪ್ಪು ಮಸಿಯಾಗುತ್ತದೆ. ಒಳಗಿನದಕ್ಕೆ ಹೊಂದಿಸಿದರೆ ಬಾಯಿ ಬಿಳಿಯ ತೂತಾಗುತ್ತದೆ. ಅಷ್ಟೇ ಅಲ್ಲ, ತೀವ್ರ ಬೆಳಕು ಗಾಜಿನ ಪ್ಲೇಟಿನ ಹಿಂಬದಿಗೆ ತಾಗಿ ಮರಳಿದರೆ ಗುಹೆಯ ಅಂಚೇ ಮಸುಕಾಗುತ್ತದೆ. ಪಾಂಟಿಂಗ್‌ರ ಪ್ರಿಂಟಿನಲ್ಲಿ ಅಂಚು ಹರಿತವಾಗಿದೆ, ಗೋಡೆಯ ಪದರಗಳು ಒಂದೊಂದಾಗಿ ಬಿಡಿಸಿ ಕಾಣುತ್ತವೆ.

ಇದಕ್ಕೆ ಕೈಚಳಕದಷ್ಟೇ ಭೌತಶಾಸ್ತ್ರವೂ ಕಾರಣ. ಹಿಮಗಡ್ಡೆ ಕೆಂಪು ಬೆಳಕನ್ನು ಹೆಚ್ಚು ಹೀರಿಕೊಂಡು ನೀಲಿಯನ್ನು ದೂರದವರೆಗೆ ಬಿಡುತ್ತದೆ. ಆ ಕಾಲದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದ ಪ್ಲೇಟುಗಳು ನೀಲಿಗೆ ಚುರುಕು, ಕೆಂಪಿಗೆ ಬಹುಮಟ್ಟಿಗೆ ಕುರುಡು. ಹಾಗಾಗಿ ಗೋಡೆ ನುಂಗಿದ ಬೆಳಕು ಅಂಥ ಪ್ಲೇಟಿಗೆ ಹೇಗೂ ಬೇಡದ್ದು. ಕಣ್ಣಿಗೆ ಮಬ್ಬಾಗಿ ಕಂಡ ಗುಹೆ ಅದಕ್ಕೆ ಅಷ್ಟು ಮಬ್ಬಲ್ಲ. ಹೊರಗಿನ ಹಿಮವನ್ನು ತಗ್ಗಿಸಲು ಹಳದಿ ಫಿಲ್ಟರ್ ಹಾಕಿದ್ದರೆ ಒಳಗಿನ ನೀಲಿಯೇ ಮೊದಲು ಸೋಲುತ್ತಿತ್ತು. ಕಷ್ಟದ ಬೆಳಕನ್ನು ಗೆದ್ದ ವೀರಗಾಥೆ ಬರೆಯುವವರು ಈ ಅನುಕೂಲವನ್ನು ಗಮನಿಸುವುದೇ ಇಲ್ಲ. ಅನುಕೂಲ ಒದಗಿದ ಮೇಲೂ ಹೊರಗಿನ ಬೆಳಕು ಉರಿದುಹೋಗದಂತೆ ನೆಗೆಟಿವ್ ಕಾದುಕೊಂಡದ್ದು ಪಾಂಟಿಂಗ್‌ರ ಹೆಚ್ಚುಗಾರಿಕೆ.

ಇನ್ನು, ಪಾಂಟಿಂಗ್ ಜನರನ್ನು ಹೇಳಿ ನಿಲ್ಲಿಸುತ್ತಿದ್ದರು ಎಂಬ ಹಳೆಯ ದೂರು. ನಿಲ್ಲಿಸುತ್ತಿದ್ದರು, ಸಂಗಡಿಗರು ಅದನ್ನು ಗೇಲಿಯನ್ನೂ ಮಾಡಿದ್ದಾರೆ. ಈ ದೂರು ಹೊರಿಸುವ ವಿಮರ್ಶಕರೇ, ಬೇರೆ ಬೇರೆ ನೆಗೆಟಿವ್ ಬೆಸೆದು 1917ರ ಯುದ್ಧಚಿತ್ರಗಳನ್ನು ಕಟ್ಟಿದ ಅಂಟಾರ್ಕ್ಟಿಕಾದ ಇನ್ನೊಬ್ಬ ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿಯನ್ನು ಸಾಹಸಿ ಕಲಾವಿದನೆಂದು ಮನ್ನಿಸುತ್ತಾರೆ. ಒಂದೇ ಪ್ಲೇಟಿನ ಮುಂದೆ ಇಬ್ಬರನ್ನು ನಿಲ್ಲಿಸುವುದು ಕೃತಕ, ಕತ್ತಲಕೋಣೆಯಲ್ಲಿ ಆಕಾಶವನ್ನೇ ಬದಲಿಸುವುದು ಕಲೆ ಎಂಬ ಈ ಅಳತೆಗೋಲು ಯಾವ ಊರಿನದೋ! ಮರವಿಲ್ಲದ, ಮನೆಯಿಲ್ಲದ ಆ ಜಾಗದಲ್ಲಿ ಮನುಷ್ಯಾಕೃತಿ ಇಲ್ಲದಿದ್ದರೆ ಕಮಾನು ಆಳೆತ್ತರವೋ ಮಹಡಿಯೆತ್ತರವೋ ತಿಳಿಯುವುದಿಲ್ಲ. ಅಳತೆಗೆಂದು ನಿಂತವರಲ್ಲಿ ರೈಟ್ ಮುಂದೆ ಅದೇ ಯಾತ್ರೆಯ ಭೂವಿಜ್ಞಾನಿ ಪ್ರೀಸ್ಟ್ಲಿ ಜೊತೆ ಅಂಟಾರ್ಕ್ಟಿಕಾದ ಹಿಮದ ಬಗ್ಗೆ ಪ್ರಮುಖ ಗ್ರಂಥ ಬರೆದವರು ಎಂಬುದು ಒಂದು ತಮಾಷೆ.

ಒಪ್ಪಬೇಕಾದ ದೋಷ ಬೇರೆಯೇ ಇದೆ. ಗುಹೆಯ ನೀಲಿ, ಹಸಿರು ಛಾಯೆಗಳನ್ನು ಪಾಂಟಿಂಗ್ 1921ರ ತಮ್ಮ ಪುಸ್ತಕದಲ್ಲಿ ಮನಸಾರೆ ವರ್ಣಿಸಿದ್ದಾರೆ. ಕಪ್ಪುಬಿಳುಪಿನಲ್ಲಿ ಅವು ಸಿಗಲಿಲ್ಲ, ನೀಲಿಯೆಲ್ಲ ತೆಳುಬೂದಾಯಿತು. ಆ ಕೊರತೆ ತುಂಬುವಂತೆ ಮುಂದೆ ನೀಲಿ ಟೋನಿನ ಪ್ರಿಂಟುಗಳು ಬಂದವು. ಆದರೆ ಟೋನಿಂಗ್ ಹಿಮಕ್ಕೂ ಹಡಗಿಗೂ ಆಕಾಶಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಒಳಗಿನ ಬೆಳಕಿಗೂ ಹೊರಗಿನದಕ್ಕೂ ಇದ್ದ ಭೇದ ಬಣ್ಣದಲ್ಲಿ ಅಳಿಸಿಹೋಗಿ, ಗುಹೆ ಅಲಂಕಾರವಾಗುತ್ತದೆ. ಬೆಲೆ ಕಟ್ಟಬೇಕಾದದ್ದು ಟೋನ್ ಇಲ್ಲದ ಪ್ರಿಂಟಿಗೆ.