ಕಾಲರಿನಿಂದ ಹುಟ್ಟುವ ಟೋಪಿ

ಉಡುಪಿಗೆ ಟೋಪಿ ಹೊಂದಿಸುವಾಗ ಬಣ್ಣಕ್ಕೂ ಮುಂಚೆ ಆಡಬೇಕಾದ ಮಾತೊಂದಿದೆ. ಉಡುಪಿನ ಕಂಪನಿಗಳು ಅಂಗಿ, ಜಾಕೆಟ್, ಕೋಟು ಎಲ್ಲ ಮುಗಿಸಿಕೊಂಡು, ಕೊನೆಗೆ ಸಿದ್ಧ ಕ್ಯಾಪೊಂದಕ್ಕೆ ಲಾಂಛನದ ಕಸೂತಿ ಹಾಕಿಸುತ್ತವೆ. ಇಲ್ಲವೇ ಉಡುಪಿಗೆ ಹೊಂದಲೆಂದು ಉಳಿದ ಬಟ್ಟೆಯಲ್ಲೇ ಟೋಪಿ ಹೊಲಿಸುತ್ತವೆ. ಈ ಎರಡು ಪಂಥಗಳನ್ನೂ ಈ ಅಂಕಣ ಒಪ್ಪಿದ್ದಿಲ್ಲ. ಟೋಪಿ ಹುಟ್ಟಬೇಕಾದದ್ದು ಉಡುಪಿನ ಆಕಾರದಿಂದ: ಕಾಲರ್ ಎಷ್ಟು ಎತ್ತರ, ಭುಜ ಎಷ್ಟು ಅಗಲ, ಸೊಂಟ ಎಲ್ಲಿ ಬಿಗಿಯುತ್ತದೆ ಎಂಬುದರಿಂದ. ಎತ್ತರದ ಕಾಲರಿನ ಕೋಟಿನ ಜೊತೆ ಹಿಂಬದಿಯಲ್ಲಿ ಅಗಲ ಅಂಚಿರುವ ಟೋಪಿ ಕೊಟ್ಟು ನೋಡಿ. ತೊಟ್ಟವರು ತಲೆ ಎತ್ತಿದ ಕೂಡಲೇ ಅಂಚು ಕಾಲರಿಗೆ ತಾಗಿ ಟೋಪಿ ಹಣೆಗೆ ಜಾರುತ್ತದೆ. ಬಟ್ಟೆ ಒಂದೇ, ಬಣ್ಣ ಒಂದೇ ಆದರೂ ಆ ತಪ್ಪು ಮುಚ್ಚಿಹೋಗುವುದಿಲ್ಲ.

1961ರ ಜನವರಿ 20ರಂದು ವಾಷಿಂಗ್ಟನ್ನಿನಲ್ಲಿ ಜಾನ್ ಕೆನಡಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಪತ್ನಿ ಜಾಕ್ವೆಲಿನ್ ತೊಟ್ಟಿದ್ದ ಕೋಟು ವಿನ್ಯಾಸಕ ಒಲೆಗ್ ಕಸೀನಿ ಅವರದು. ದೊಡ್ಡ ಗುಂಡಿ, ಕುತ್ತಿಗೆಯ ಸುತ್ತ ತುಪ್ಪುಳ, ಅಷ್ಟೇ, ಮಿಕ್ಕದ್ದೆಲ್ಲ ಸಪಾಟು. ತಲೆಯ ಮೇಲೆ ಅಂಚೇ ಇಲ್ಲದ, ಗುಳಿಗೆ ಡಬ್ಬಿಯಂಥ ಪಿಲ್‌ಬಾಕ್ಸ್ ಟೋಪಿ. ಬರ್ಗ್‌ಡಾರ್ಫ್ ಗುಡ್‌ಮನ್ ಮಳಿಗೆಯ ಟೋಪಿ ವಿಭಾಗದಲ್ಲಿದ್ದ ಹಾಲ್ಸ್ಟನ್ ಮಾಡಿದ್ದು. ಪಿಲ್‌ಬಾಕ್ಸ್ ಆಗಲೇ ಹಳೆಯ ಆಕಾರ. ಹೊಸತನವಿದ್ದದ್ದು ಅದು ಕೂತ ಜಾಗದಲ್ಲಿ: ನೆತ್ತಿಯಿಂದ ಹಿಂದಕ್ಕೆ ಸರಿದು, ಮುಖವನ್ನೂ ಉಬ್ಬಿಸಿ ಬಾಚಿದ ಕೂದಲನ್ನೂ ಬಿಟ್ಟುಕೊಟ್ಟಿತ್ತು. ಕೋಟಿನ ಸರಳ ಗೆರೆ ಕತ್ತಿನ ಬಳಿ ನಿಲ್ಲದೆ ತಲೆಯವರೆಗೂ ಏರಿತು. ಕೋಟಿಗೂ ಟೋಪಿಗೂ ಬಣ್ಣ ಒಂದೇ ಆಗಿತ್ತಲ್ಲ ಎಂದು ಹೊಂದಾಣಿಕೆಯ ಪಂಥದವರು ಕೇಳುತ್ತಾರೆ. ಹೌದು, ಆಗಿತ್ತು. ಆದರೆ ಅದೇ ಟೋಪಿಗೆ ಮನಸ್ಸಿನಲ್ಲೇ ಕಪ್ಪು ಬಳಿದು ನೋಡಿ, ಜೋಡಿ ಕೆಡುವುದಿಲ್ಲ. ಅದೇ ಬಣ್ಣದಲ್ಲಿ ಅಗಲ ಅಂಚಿನದನ್ನು ಇಟ್ಟು ನೋಡಿ. ಮುಖಕ್ಕೆ ನೆರಳು ಬಿದ್ದು, ತುಪ್ಪುಳದ ಕಾಲರಿನೊಂದಿಗೆ ಅಂಚು ಜಗಳಕ್ಕಿಳಿಯುತ್ತದೆ. ಅಲ್ಲಿ ಕೆಲಸ ಮಾಡಿದ್ದು ಆಕಾರ.

ಟೋಪಿಯಿಂದ ಶುರುಮಾಡಿ ಉಡುಪಿಗೆ ಬಂದವರಿಗೆ ಇದು ಸಹಜವಾಗಿ ತಿಳಿದಿತ್ತು. ಹಾಲ್ಸ್ಟನ್ ಅಷ್ಟೇ ಅಲ್ಲ, 1889ರಲ್ಲಿ ಟೋಪಿ ಅಂಗಡಿ ತೆರೆದ ಜಾನ್ ಲಾನ್ವಿನ್, 1910ರಲ್ಲಿ ಪ್ಯಾರಿಸ್ಸಿನ ಕಾಂಬೋ ಬೀದಿಯಲ್ಲಿ ಟೋಪಿ ಮಾರುತ್ತಿದ್ದ ಶನೆಲ್ ಕೂಡ ಹಾಗೆಯೇ ಬಂದವರು. ಗರಿ, ಹೂವು ಹೊತ್ತ ಟೋಪಿಗಳ ಕಾಲದಲ್ಲಿ ಶನೆಲ್ ಸಾದಾ ಹುಲ್ಲಿನ ಟೋಪಿಗೆ ಒಂದು ಪಟ್ಟಿ ಸುತ್ತಿ ಸಾಕೆಂದರು. ಆಮೇಲೆ ಜೆರ್ಸಿ ಬಟ್ಟೆಯ ಉಡುಪಿನಲ್ಲೂ ಅದೇ ಮಿತಿ ಕಾಣಿಸಿತು. 1947ರಲ್ಲಿ ಉಡುಪು ವಿನ್ಯಾಸಕ ಡಿಯೋರ್ ಹಿಡಿದ ದಾರಿ ಬೇರೆ. ಬಿಗಿದ ಸೊಂಟ, ಹರಡಿದ ಲಂಗದ ‘ಬಾರ್’ ಸೂಟಿಗೆ ಅಗಲ ಅಂಚಿನ ಟೋಪಿ. ಕೆಳಗಿನ ಹರವನ್ನು ಮೇಲಿನ ಹರವು ತೂಗುತ್ತದೆ, ನಡುವೆ ಸೊಂಟ ಇನ್ನೂ ಸಣ್ಣಗೆ ಕಾಣುತ್ತದೆ.

ಗಟ್ಟಿಯಾದ ಆಕ್ಷೇಪ ಹಣದ್ದು. ಅಚ್ಚಿನ ಟೋಪಿಗೆ ಪ್ರತಿ ಅಳತೆಗೂ ಒಂದು ಮರದ ಅಚ್ಚು ಬೇಕು, ಫೆಲ್ಟನ್ನು ಹಬೆಯಲ್ಲಿ ಮೆದುಗೊಳಿಸಿ ಎಳೆದು ಕೂರಿಸುವ ಕೈ ಬೇಕು. ಹಿಂದೆ ಪಟ್ಟಿಯಿರುವ ಕ್ಯಾಪು ಒಂದೇ ಅಳತೆಯಲ್ಲಿ ಬಹುಪಾಲು ತಲೆಗಳಿಗೆ ಆಗುತ್ತದೆ. ಒಪ್ಪುತ್ತೇನೆ, ಕ್ಯಾಪನ್ನು ದೂರುವುದೂ ಇಲ್ಲ. ಬೇಸ್‌ಬಾಲ್ ಕ್ಯಾಪು ಆಟದ ಸಮವಸ್ತ್ರದ ಜೊತೆಯಲ್ಲೇ ಬೆಳೆದದ್ದು. ಅದರ ಮುಂಚಾಚು ಮೇಲೆ ಹಾರಿದ ಚೆಂಡನ್ನು ನೋಡುವ ಕಣ್ಣಿಗೆ ಬಿಸಿಲು ತಡೆಯಲಿಕ್ಕೆ. ನ್ಯೂ ಎರಾ ಕಂಪನಿ 1954ರಲ್ಲಿ ತಂದ 59ಫಿಫ್ಟಿ ಕ್ಯಾಪಿನಲ್ಲಿ ಆರು ತುಂಡು ಬಟ್ಟೆ ಸೇರಿ ಎತ್ತರದ, ಗಟ್ಟಿ ಮುಂಭಾಗ ನಿಲ್ಲುತ್ತದೆ. ಸಡಿಲ ಭುಜದ ಜಾಕೆಟ್ಟಿಗೆ ಆ ಎತ್ತರ ಒಪ್ಪುತ್ತದೆ. ಮೈಗಂಟಿದ ತೆಳು ಅಂಗಿಗೆ ತಲೆಗೆ ಒತ್ತಿ ಕೂರುವ ಮೆತ್ತನೆಯದೇ ಬೇಕು. ಹೀಗೆ ಉಡುಪಿಗೆ ತಕ್ಕ ಕ್ಯಾಪು ಆರಿಸುವುದಕ್ಕೆ ಕಸೂತಿಗಿಂತ ಹೆಚ್ಚು ಖರ್ಚಿಲ್ಲ, ಆದರೆ ಆರಿಸುವ ಹೊತ್ತು ಬದಲಾಗಬೇಕು. ಉಡುಪಿನ ಮಾದರಿಯನ್ನು ತೊಡಿಸಿ ತಿದ್ದುವ ಗೊಂಬೆಗೆ ಸಾಮಾನ್ಯವಾಗಿ ತಲೆಯೇ ಇರುವುದಿಲ್ಲ. ಮೊದಲ ಕೋಟು ತೊಡಿಸಿ ನೋಡುವ ದಿನವೇ ಜೀವಂತ ತಲೆಯೊಂದರ ಮೇಲೆ ಬಕ್ರಮ್ ಎಂಬ ಗಟ್ಟಿ ಬಟ್ಟೆಯ ಕಚ್ಚಾ ಟೋಪಿ ಇಟ್ಟು, ಕಾಲರ್ ಮತ್ತು ಅಂಚು ಎರಡನ್ನೂ ಕಂಪನಿಗಳು ಒಟ್ಟಿಗೆ ಕತ್ತರಿಸಲಿ.