ಸಲೋಮೆ, ಮೇನಕೆ: ಮೋಹಿನಿಯ ಚಿತ್ರ ನೋಡುವ ಬಗೆ

ಗಂಡಸಿನ ತಪಸ್ಸನ್ನೋ ಪ್ರಾಣವನ್ನೋ ಕಳೆಯಬಲ್ಲ ಚೆಲುವೆ ಚಿತ್ರಕಲೆಗೆ ಹಳೆಯ ವಸ್ತು. ಫ್ರಾನ್ಸಿನ ಸಂಕೇತವಾದಿ ಗುಸ್ತಾವ್ ಮೊರೊ (1826–1898) ಬೈಬಲ್ಲಿನ ಸಲೋಮೆಯನ್ನು ಮತ್ತೆ ಮತ್ತೆ ಚಿತ್ರಿಸಿದ. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ (1916–1993) ಪುರಾಣದ ಮೇನಕೆಯನ್ನು ಚಿತ್ರಿಸಿದರು.

ನೋಡುವ ಮೊದಲು ಕಥೆ ತಿಳಿದಿರಬೇಕು. ಹೆರೋದ ರಾಜನ ಹುಟ್ಟುಹಬ್ಬದಲ್ಲಿ ರಾಣಿ ಹೆರೋದ್ಯಳ ಮಗಳು ಸಲೋಮೆ ಕುಣಿದಳು. ಮೆಚ್ಚಿದ ರಾಜ ಬೇಡಿದ್ದನ್ನು ಕೊಡುವುದಾಗಿ ಆಣೆಯಿಟ್ಟ. ತಾಯಿ ಹೇಳಿಕೊಟ್ಟಂತೆ ಆಕೆ ಸ್ನಾನಿಕ ಯೋಹಾನನ ತಲೆ ಕೇಳಿದಳು. ವಿಶ್ವಾಮಿತ್ರನ ತಪಸ್ಸು ಕೆಡಿಸಲು ಮೇನಕೆಯನ್ನು ಕಳಿಸಿದವನು ಇಂದ್ರ. ಇಬ್ಬರೂ ಇನ್ನೊಬ್ಬರ ಕೆಲಸಕ್ಕೆ ಬಂದವರೇ. ಹಾಗಾಗಿ ಕಳಿಸಿದವರಿಗೆ ಚಿತ್ರದಲ್ಲಿ ಜಾಗವಿದೆಯೇ ಎಂಬುದನ್ನು ಮೊದಲು ಗಮನಿಸಬೇಕು.

ಮುಂದಿನದು ಬೆಳಕು. ಮೊರೊನ ಜಲವರ್ಣ ಚಿತ್ರ ‘ದರ್ಶನ’ 1876ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿತ್ತು. ಅದರಲ್ಲಿ ಕಡಿದ ತಲೆ ಗಾಳಿಯಲ್ಲಿ ನಿಂತಿದೆ, ಸುತ್ತ ಪ್ರಭಾವಳಿ, ಕೆಳಗೆ ಇಳಿಯುವ ರಕ್ತ. ಒಡವೆ ಹೇರಿಕೊಂಡ ಸಲೋಮೆ ಅದರತ್ತ ಕೈ ಚಾಚಿದ್ದಾಳೆ. ರಾಜ, ರಾಣಿ, ಕತ್ತಿ ಹಿಡಿದ ಕೊಲೆಗಡುಕ ಎಲ್ಲರೂ ಇದ್ದರೂ ಆ ತಲೆ ಅವರ ಕಣ್ಣಿಗೆ ಬಿದ್ದಂತಿಲ್ಲ. ಹೆಚ್ಚಿನ ಬೆಳಕು ಸತ್ತವನದು. ಕೊಲ್ಲಿಸಿದವಳೇ ಇಲ್ಲಿ ಬೆದರಿದವಳು. ಸಂಕೇತವಾದಿಗಳ ರೀತಿಯೇ ಇದು: ನಡೆದ ಘಟನೆಗಿಂತ ಮನಸ್ಸಿನೊಳಗಿನ ಕಾಣ್ಕೆಗೆ ರೂಪ ಕೊಡುವುದು.

ಪಂಡಿತರ ದಾರಿ ಬೇರೆ. ಮದರಾಸು, ಮುಂಬಯಿಗಳಲ್ಲಿ ಕಲಿತ ಅವರು ಸಿನಿಮಾ ಪೋಸ್ಟರುಗಳಲ್ಲಿ ಹೆಸರು ಮಾಡಿದವರು. ಅವರ ಪುರಾಣ ಚಿತ್ರಗಳಲ್ಲಿ ಮೈಕಟ್ಟು, ಚರ್ಮದ ಹೊಳಪು, ಬಟ್ಟೆಯ ನಿರಿಗೆ ಎಲ್ಲವೂ ಕೈಗೆ ಸಿಗುವಷ್ಟು ನಿಜ. ಮೊರೊ ಒಡವೆ, ಕಂಬ, ಕೆತ್ತನೆಗಳ ದಟ್ಟಣೆಯಲ್ಲಿ ದೇಹವನ್ನು ಕನಸಾಗಿಸಿದರೆ, ಪಂಡಿತರು ಪುರಾಣವನ್ನೇ ರಕ್ತಮಾಂಸಕ್ಕೆ ಇಳಿಸುತ್ತಾರೆ.

ಕೊನೆಯದು ಮಾಧ್ಯಮ. ಪಂಡಿತರು ಪಳಗಿದ್ದ ಗುವಾಶ್, ಅಂದರೆ ಅಪಾರದರ್ಶಕ ಜಲವರ್ಣ, ಅಚ್ಚಿಗೆ ಚೆನ್ನಾಗಿ ಒಗ್ಗುತ್ತಿತ್ತು. ಇಂಥ ಪುರಾಣ ಚಿತ್ರಗಳು ಕ್ಯಾಲೆಂಡರುಗಳಾಗಿ ಮನೆ, ಅಂಗಡಿಗಳ ಗೋಡೆ ಸೇರಿದವು. ಕಲಬುರಗಿಯ ನೆಹರು ಗಂಜಿನಂಥ ಪೇಟೆಯಲ್ಲಿ ತೊಗರಿಯ ಲೆಕ್ಕ ಬರೆಯುವವರಿಗೂ ಚಿತ್ರಕಲೆಯ ಪರಿಚಯವಾಗುತ್ತಿದ್ದುದು ಹೆಚ್ಚಾಗಿ ಕ್ಯಾಲೆಂಡರಿನಿಂದಲೇ. ಆದರೆ ಅಚ್ಚಿನಲ್ಲಿ ಬಣ್ಣ ಚಪ್ಪಟೆಯಾಗುತ್ತದೆ, ಕುಂಚದ ಗುರುತು ಅಳಿಯುತ್ತದೆ. ಕಥೆಯನ್ನೂ ರಚನೆಯನ್ನೂ ಅಚ್ಚಿನಲ್ಲಿ ಅರಿಯಬಹುದು. ಬಣ್ಣದ ಪದರಗಳನ್ನು ಅರಿಯಲು ಮೂಲ ಚಿತ್ರವನ್ನೇ ನೋಡಬೇಕು.